ಗದ್ದ ಎತ್ರಿ

ಮೊದಲ ಅಂಗಡಿಗಿ ಒಂದ ಪೇಪರ ಬರತಿತ್ತು.
ಬೀದರದಿಂದ ಬರೂ ಮುಂಜಾನಿ ಬಸ್ಸಿನ ಡ್ರೈವರ
ಭಾಲ್ಕಿ ಅಡ್ಡಾ ಎಚ್ಚರಾಗೂಕಿಂತ ಮುಂಚೆ
ಕಿಟಕ್ಯಾಗಿಂದ ಒಗದು ಹೋಗತಿದ್ದ.
ಬೆಂಚಿನ ಮ್ಯಾಲ ಅದು ಬಿಡಿ ಬಿಡಿ ಆಗತಿತ್ತು:
ಕ್ರಿಕೆಟ್ಟಿನ ಹಾಳಿ ಹುಡುಗೂರ ಕೈಯಾಗ,
ಪ್ಯಾಟಿ ಧಾರಣಿ ತೊಗರಿ ದಲಾಲಿ ಕೈಯಾಗ,
ನಡುವಿನ ಹಾಳಿ ಯಾರಿಗೂ ಬ್ಯಾಡ.
ಅಕ್ಷರ ಬರದ ಹಮಾಲ ಸೈದಪ್ಪಗ
ಯಾರರೆ ಓದಿ ಹೇಳತಿದ್ರು, ಒಂದೀಟು ಉಪ್ಪು ಹಚ್ಚಿ.
ಆಂವ ಅದಕ್ಕ ಖಾರ ಹಚ್ಚಿ ಗಂಜಿಗಿ ಒಯ್ಯತಿದ್ದ.
ಮರುದಿನ ಅದೇ ಹಾಳಿ ಚೌಕ ಚೌಕ ಹರದು
ನಾ ಕತ್ತಿ ಒರಸತಿದ್ದೆ.
ನಿನ್ನಿ ಮಂತ್ರಿ ಮಾರಿ ಮ್ಯಾಲ ಇವತ್ತಿನ ನೊರಿ.

ಈಗ ಪೇಪರ ಬಂದ್ ಮಾಡೀನಿ.
ಒರಸಲಾಕ ರದ್ದಿ ತರತೀನಿ, ಕಿಲೋ ಲೆಕ್ಕ.
ಸುದ್ದಿ ಎಲ್ಲರ ಕಿಸೇದಾಗ ಅದ.
ಕುರ್ಚಿಗಿ ಕುಂತಕೂಡ್ಲೇ ತಲಿ ತಾನೇ ಬಗ್ಗತದ.
ಹಿಂದಿನ ಕೂದಲಾ ತೆಗಿಯಲಾಕ ಭಾಳ ಛಲೋ,
ಮೊದಲಿನಂಗ ತಲಿ ಹಿಡದು ಒತ್ತೂದು ಬೇಕಿಲ್ಲ.
ದಾಡಿಗಿ ಬಂದ್ರ ಕಷ್ಟ.
ಗದ್ದ ಎತ್ರಿ ಅಂತೀನಿ.
ಎತ್ತತಾರ; ಜೋಡಿ ಫೋನೂ ಏರತದ.
ಅವರ ಕುತಗಿಗೂ ನನ್ನ ಕತ್ತಿಗೂ ನಡುವ
ಕೋಟು ಹಾಕ್ಕೊಂಡಂವ ಒಬ್ಬ ನಿಂತು
ಯಾರಿಗೋ ಬೈಲಾಕತ್ತಿರತಾನ.

ಒಬ್ಬರ ಫೋನು ಮರಾಠಿ, ಒಬ್ಬರದು ಉರ್ದು.
ಒಬ್ಬರಿಗಿ ಊರ ಗ್ರೂಪಿನಾಗ ಬಂದದ್ದೇ ಖರೆ, ಉಳದದ್ದು ಸುಳ್ಳು.
ನನ್ನ ಕೈಕೆಳಗಿನ ಹುಡುಗ ಮೋಯಿಜ್
ಬೆರಳಿಲೆ ಲೋಕಾ ಸರಸತಾನ,
ಅರ್ಧ ನಿಮಿಷಕ್ಕೊಂದು ಲೋಕ.
ಒಂದೇ ಬೆಂಚು, ನಾಕ ಮಂದಿ,
ನಾಕ ಬ್ಯಾರೆ ಬ್ಯಾರೆ ಮುಂಜಾನಿ.

ಮಂಗಳವಾರ ಬಂದ್ ಇತ್ತು, ಬುಧವಾರ ಗರ್ದಿ.
ಕುರ್ಚಿ ಮ್ಯಾಲ ವೈಜಿನಾಥ ಕಂಡಕ್ಟರ,
ರಿಟೈರ್ ಆಗಿ ಆರ ವರ್ಷ.
ಅರ್ಧ ಮಾರಿ ಆಗಿತ್ತು.
ಮೋಯಿಜ್ ತನ್ನ ಫೋನ ನೋಡ್ದ,
ವೈಜಿನಾಥಗ ನೋಡ್ದ,
ಮತ್ತ ಫೋನ ನೋಡ್ದ.

ಚೆಂಡುಹೂವಿನ ಮಾಲಿ, ಎಡಕ್ಕೊಂದು ಬಲಕ್ಕೊಂದು ದೀಪ,
ನಡುವ ವೈಜಿನಾಥ. ಕೆಳಗ: ನಿಧನ.
ತೀರಿಕೊಂಡಂವ ಖಟಕ ಚಿಂಚೋಳಿಯ ಮತ್ತೊಬ್ಬ ವೈಜಿನಾಥ,
ಅದು ಆಮ್ಯಾಲ ಗೊತ್ತಾಯ್ತು.
ಆಗ ನಾ ಕತ್ತಿ ಗಾಳ್ಯಾಗ ಹಿಡದು ನಿಂತಿದ್ದೆ.

ಚಷ್ಮಾ ಕೊಡು ಅಂದ. ಓದಿದ,
ಚಿಲ್ಲರ ಎಣಿಸಿದಂಗ, ಒಂದೊಂದೇ ಅಕ್ಷರ.
"ಫೋಟೋ ಛಲೋ ಬಂದದ. ಡಿಪೋದಾಗ ತೆಗಸಿದ್ದು.
ಆಗ ಇನ್ನೂ ಕೂದಲಾ ಇದ್ದು."
"ಅಡ್ಮಿನ್‌ಗ ಹೇಳಿ ಅಳಸಸ್ತೀನ್ರಿ" ಅಂದೆ.
"ತಡಿ" ಅಂದ.

ಕೆಳಗ ಕೈಮುಗದ ಗುರುತು, ಸಾಲಕ್ಕ ಸಾಲ.
ಒಂದರಂಗ ಒಂದು, ಹೆಸರು ಅಷ್ಟೇ ಬ್ಯಾರೆ.
ಅವನ ಬಸ್ಸಿನಾಗ ಎಂದೂ ಹತ್ತದವರೂ
ಕೈ ಮುಗದಿದ್ರು.
ಬೆರಳು ಇಳೀತು, ಏರಿತು, ಇಳೀತು.
"ಕಾಶಿನಾಥ ಹಾಕ್ಯಾನೇನು ನೋಡು."

ಕಾಶಿನಾಥ ಅಂದ್ರ ತಮ್ಮ. ನಡುವ ಒಂದೇ ಗ್ವಾಡಿ.
ಮೋರಿ ನೀರು ಯಾರ ಕಡಿ ಹರೀಬೇಕಂತ
ಹನ್ನೊಂದ ವರ್ಷ ಮಾತಿಲ್ಲ.

ಇಲ್ರೀ ಅಂದ ಮೋಯಿಜ್. ಆಮ್ಯಾಲ,
"ತಡೀರಿ. ಬರೀಲಾಕತ್ತಾರ."

ತುದಿಗೆ ಸಣ್ಣ ಅಕ್ಷರದಾಗ ತಮ್ಮನ ಹೆಸರು,
ಮುಂದ: ಬರೀಲಾಕತ್ತಾನ.
ಹೋಯ್ತು.
ಮತ್ತ ಬಂತು: ಬರೀಲಾಕತ್ತಾನ.
ಬೆಂಚಿನವರೆಲ್ಲಾ ಎದ್ದು ಬಂದು
ತಮ್ಮ ತಮ್ಮ ಫೋನ ಕಿಸೇದಾಗ ಇಟ್ಟು
ಒಂದೇ ಫೋನಿನ ಮ್ಯಾಲ ಬಗ್ಗಿದ್ರು.
ದಲಾಲಿ ಬಾಯಾಗಿನ ಎಲಿ ಅಗಿಯೂದು ಬಿಟ್ಟ.
ಯಾರೋ ಸೈದಪ್ಪಗ ಓದಿ ಹೇಳಲಾಕತ್ತಾರ,
ಇನ್ನೂ ಬರದಿದ್ದಿಲ್ಲ, ಅದನ್ನೇ.

ನೊರಿ ಒಣಗಿ ಅರ್ಧ ಮಾರಿ ಸುಣ್ಣ ಬಡದಂಗಾಗಿತ್ತು.
ಗದ್ದ ಎತ್ರಿ ಅಂದೆ.
ಎತ್ತಲಿಲ್ಲ.